ಎದುರು ಬಂದವಳು

ಆಗಸ್ಟ್ ೧೩, ೨೦೧೧

ಇವತ್ತು ನೂಲ ಹುಣ್ಣಿಮೆ. ನಮ್ಮ ಕೋಡಿ ಊರಿನವರೆಲ್ಲ ಕಡಲಿಗೆ ಹಾಲು ಹೊಯ್ಯಲು ಹೋದರು. ವಾದ್ಯದ ಸದ್ದು ಮನೆಯವರೆಗೂ ಕೇಳುತ್ತಿತ್ತು. ನಾನು ಹೋಗಲಿಲ್ಲ. ಕಡಲ ಕಡೆಯ ಪಡುಬದಿ ಕಿಟಕಿ ಹೇಗೂ ಮುಚ್ಚಿಯೇ ಇರುತ್ತದೆ. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ನೋಡಿ, ಒಳಗೆ ಒಲೆಯ ಹತ್ತಿರ ಕುಳಿತೆ.

ಧನ್ಯ ಹೋಗಿ ಬಂದಳು. "ಅಪ್ಪನ ಹೆಸ್ರಲ್ಲ್ ಹಾಲ್ ಹೊಯ್ದೆ ಅಮ್ಮ" ಎಂದಳು. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡೆ.

ಈ ಡೈರಿ ಮೀನುಗಾರರ ಸಂಘದವರು ನಮ್ಮವರಿಗೆ ಕೊಟ್ಟದ್ದು, ಹೋದ ವರ್ಷದ್ದು. ಒಂದು ಹಾಳೆಯಲ್ಲೂ ಅವರು ಏನೂ ಬರೆದಿಲ್ಲ. ಹಳೆಯ ತಾರೀಖುಗಳನ್ನು ಹೊಡೆದು ಹಾಕಿ ನಾನು ಬರೆಯುತ್ತಿದ್ದೇನೆ. ಏಳನೇ ತರಗತಿಯ ಓದು ಇಷ್ಟಕ್ಕಾದರೂ ಬರಲಿ. ಮಗಳ ಹತ್ತಿರ ಹೇಳಿದರೆ ಅವಳೂ ಹೆದರುತ್ತಾಳೆ.

ಹೋದ ವರ್ಷ ದೀಪಾವಳಿ ಕಳೆದ ವಾರ ಅದು. ಅವರು ಹೋಗಿದ್ದ ದೋಣಿ ವಾಪಸು ಬರುವಾಗ ಅಳಿವೆಯಲ್ಲಿ, ಹೊಳೆ ಕಡಲು ಸೇರುವ ಬಾಯಿಯಲ್ಲೇ, ಮಗುಚಿತು. ಮೀನಿನ ಬುಟ್ಟಿ ಹಿಡಿದು ದಡದಲ್ಲಿ ಕಾಯುತ್ತಿದ್ದ ನಾನು ಅದನ್ನು ನೋಡಿದೆ. ಉಳಿದವರು ಈಜಿ ಬಂದರು. ಆಮೇಲೆ ನಾನು ಪೇಟೆಗೆ ಬುಟ್ಟಿ ಹೊತ್ತು ಹೋಗಿಲ್ಲ. ಮನೆಯಲ್ಲೇ ಕುಳಿತು ಚಟ್ಲಿ ಮೀನಿನ ಸಿಪ್ಪೆ ಸುಲಿದು ಕೊಡುತ್ತೇನೆ. ಬಸ್ಸಿಗೆ ಹೋಗುವುದಾದರೂ ಒಳಗಿನ ಓಣಿಯಲ್ಲೇ ಹೋಗುತ್ತೇನೆ. ಕಡಲು ಕಾಣುವ ದಾರಿ ನನಗೆ ಬೇಡ.

ಆಗಸ್ಟ್ ೨೧

ಧನ್ಯನ ಜೊತೆ ಮಂಗಳೂರಿನಲ್ಲಿ ಎಂಎಸ್ಸಿ ಓದಿದ ಅಕ್ಷಿತಾ ತೆಕ್ಕಟ್ಟೆಯಿಂದ ಬಂದಿದ್ದಳು. ಕೈಯಲ್ಲಿ ಲಾಡಿನ ಪೆಟ್ಟಿಗೆ. ಬೈಂದೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆಯಂತೆ. ಗದ್ದೆ ತೋಟ ಇರುವ ಮನೆಯ ಹುಡುಗಿ, ಆದರೂ ನಮ್ಮ ಮೀನಿನ ವಾಸನೆಗೆ ಮೂಗು ಮುಚ್ಚುವವಳಲ್ಲ. ಕುರ್ಚಿ ಕೊಟ್ಟರೆ ಬೇಡ ಎಂದು ಧನ್ಯನ ಪಕ್ಕ ನೆಲದಲ್ಲೇ ಕುಳಿತಳು.

ಅವರ ಕ್ಲಾಸಿನವರ ಸುದ್ದಿಯೆಲ್ಲ ಹೇಳಿದಳು. "ರೋಹನ್ ಮುಂಬೈಯಗೆ ಅಪ್ಪನ ಹೋಟ್ಲಲ್ಲ್ ಕೂಕಂಡಿದ. ಎಂಎಸ್ಸಿ ಮಾಡಿ ದ್ವಾಸಿ ಬಿಲ್ಲ್ ಹರಿತ! ಶ್ರೀಲತಂಗೆ ಮದಿ ಆಯ್ತ್, ಗಂಡನ ಒಟ್ಟಿಗ್ ಬಹರೈನಿಗ್ ಹೋತಂಬ್ರ್. ವಿಶಾಲ್ ಬ್ಯಾಂಕ್ ಪರೀಕ್ಷಿ ಮತ್ತೆ ಬರೀತಾ ಇದ್ದ."

ಡಿಸೆಂಬರಿನಲ್ಲಿ ಹಳೆ ವಿದ್ಯಾರ್ಥಿಗಳ ಸಭೆ ಇದೆಯಂತೆ. ಒಬ್ಬೊಬ್ಬರೇ ಎದ್ದು ನಿಂತು ಈಗ ಏನು ಮಾಡುತ್ತಿದ್ದೇವೆ ಎಂದು ಹೇಳಬೇಕಂತೆ.

"ನೀ ಎಂತ ಹೇಳ್ತ್ಯೆ?" ಎಂದು ಅಕ್ಷಿತಾ ಕೇಳಿದಳು.

"ಚಟ್ಲಿ ಸುಲಿತೆ ಅಂದ್ ಹೇಳ್ತೆ. ಸುಳ್ಳಲ್ಲ ಕಾಣ್" ಎಂದು ಧನ್ಯ ಕೈ ಎತ್ತಿ ತೋರಿಸಿದಳು. ಇಬ್ಬರೂ ನಕ್ಕರು. ಅವಳ ಬೆರಳ ತುದಿಗಳು ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು. ನಾನು ಕೈಯಲ್ಲಿದ್ದ ಲಾಡನ್ನು ಪೆಟ್ಟಿಗೆಗೇ ಇಟ್ಟೆ. ಇವಳಿಗೂ ಎಲ್ಲಾದರೂ ಒಂದು ಕುರ್ಚಿ, ತಲೆಯ ಮೇಲೆ ಫ್ಯಾನು ಇರುವ ಕೆಲಸ ಆಗಲಿ. ಅಷ್ಟೇ ಸಾಕು.

ಸೆಪ್ಟೆಂಬರ್ ೫

ಆಯಿತು! ಮಂಗಳೂರಿನ ಮೀನುಗಾರಿಕೆ ಸಂಶೋಧನೆಯವರ ಒಂದು ಯೋಜನೆಯಲ್ಲಿ ಕೆಲಸ. ಪಕ್ಕದ ಮನೆಯ ಸರಸಕ್ಕನಿಗೆ ಬೇಲಿಯ ಈಚೆಯಿಂದಲೇ ಕೂಗಿ ಹೇಳಿದೆ. ನಾನು ಹಾಗೆ ಕೂಗಿದ್ದು ಕೇಳಿ ಸರಸಕ್ಕ ಏನೋ ಆಯಿತೆಂದು ಓಡಿ ಬಂದಳು.

ಸೆಪ್ಟೆಂಬರ್ ೯

ಕುರ್ಚಿಯೂ ಇಲ್ಲ, ಫ್ಯಾನೂ ಇಲ್ಲ.

ಬಲೆಯಲ್ಲಿ ಯಾವ ಮೀನು ಬರುತ್ತದೆ, ಮರಿ ಎಷ್ಟು, ಮೊಟ್ಟೆಯದ್ದೆಷ್ಟು ಎಂದು ದೋಣಿಯಲ್ಲೇ ಹೋಗಿ ನೋಡಬೇಕಂತೆ. ಹದಿನೈದು ದಿನಕ್ಕೊಮ್ಮೆ. ಬೆಳಗ್ಗೆ ಹೋದರೆ ಮಧ್ಯಾಹ್ನ ಮೇಲೆ ಬರುವುದು.

"ಕಡ್ಲ್ ಮೇಲಾ?" ಎಂದೆ.

"ದೋಣಿ ಮೇಲ್ ಅಮ್ಮ."

"ಅಳಿವೆ ದಾಟಿಯಾ?"

"ಚಂದಯ್ಯ ದೊಡ್ಡಪ್ಪನ ದೋಣಿ. ಅವ್ರೇ ಕರ್ಕಂಡ್ ಹೋತೆ ಅಂದ್ರ್" ಎಂದಳು.

ಚಂದಯ್ಯ ಭಾವ ನಮ್ಮವರ ದೊಡ್ಡಪ್ಪನ ಮಗ, ದೋಣಿ ನಡೆಸುವ ತಾಂಡೇಲ. ಆವತ್ತು ಮಗುಚಿದ್ದು ಅದೇ ದೋಣಿ. ಇಂಜಿನ್ ಬದಲಾಯಿಸಿ, ಬಣ್ಣ ಬಳಿದು ಮತ್ತೆ ನೀರಿಗಿಳಿಸಿದ್ದಾರೆ. ಭಾವ ಆಮೇಲೆ ನಮ್ಮ ಮೆಟ್ಟಿಲು ಹತ್ತಿಲ್ಲ. ಆಗಾಗ ಗೇಟಿನ ಕಂಬಕ್ಕೆ ಮೀನಿನ ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿಸಿ ಹೋಗುತ್ತಾರೆ. ನಾನು ಅದನ್ನು ಸರಸಕ್ಕನಿಗೆ ಕೊಡುತ್ತೇನೆ.

ಇಷ್ಟೊಂದು ಓದಿದ್ದು ಅದೇ ದೋಣಿ ಹತ್ತುವುದಕ್ಕಾ ಎಂದು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ. ಹತ್ತು ತಿಂಗಳ ಮೇಲೆ ಇವತ್ತು ಅವಳ ಮುಖದಲ್ಲಿ ಬೆಳಕಿತ್ತು.

ಸೆಪ್ಟೆಂಬರ್ ೧೨

ಕಣ್ಣು ಮುಚ್ಚಿದರೆ ದೋಣಿಯ ಹೊಟ್ಟೆ ಮೇಲಾಗಿ ಕಾಣುತ್ತದೆ.

ಸೆಪ್ಟೆಂಬರ್ ೧೪

ಹೋದಳು. ಇಂಜಿನ್ ಸದ್ದು ಕೇಳಬಾರದೆಂದು ಕಿವಿಗೆ ಸೆರಗು ಒತ್ತಿಕೊಂಡೆ. ಸದ್ದು ನಿಂತ ಮೇಲೆ, ನಿಂತಿತಲ್ಲ ಎಂದು ಇನ್ನೂ ಹೆದರಿಕೆಯಾಯಿತು. ಸುಲಿಯಲು ಕುಳಿತರೆ ಚಟ್ಲಿಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಅನ್ನ ಬೇಯಿಸಲಿಲ್ಲ. ಒಲೆ ಹಚ್ಚಿದರೆ ಏನೋ ಆಗುತ್ತದೆ ಅನಿಸಿತು.

ಮಧ್ಯಾಹ್ನ ದಾಟಿದ ಮೇಲೆ ಗೇಟಿನ ಸದ್ದಾಯಿತು. ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಒಂದೇ ಸಮ ಮಾತು: "ಅಮ್ಮ, ಬೈಗಿ ಮೀನ್ ಮಂದಿ ಬಂದಿತ್, ಹಿಂಡಿಗ್ ಹಿಂಡೇ! ನೀರೇ ಬೆಳ್ಳಿ ಆದಾಂಗ್ ಇತ್ತ್. ದೋಣಿಯ ದೇವಣ್ಣ ಮೊದ್ಲ್ ಹೆಂಗ್ಸ್ ದೋಣಿ ಹತ್ತಿರೆ ಮೀನ್ ಸಿಕ್ತಿಲ್ಲೆ ಅಂದ್ ಗೊಣಗ್ತಾ ಇದ್ದ. ಬಲೆ ಎಳೂಕ್ ನನ್ನೂ ಕರ್ದ ಕಡಿಗೆ!"

ನಾನು ಸಮೀಪ ಹೋದೆ. ಡೀಸೆಲು, ಬೆವರು, ಹಸಿ ಮೀನು. ಅವರು ಜಗಲಿಯಲ್ಲಿ ಕುಳಿತು ಕಾಲು ಚಾಚಿದಾಗ ಬರುತ್ತಿದ್ದ ಅದೇ ವಾಸನೆ. "ಮೊದ್ಲ್ ಮೀಯ್, ಹೋಗ್" ಎಂದು ಬೈದೆ. ಅವಳು ಮೀಯಲು ಹೋದಾಗ ಅವಳ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಬಡಿದೆ, ಬಡಿದೆ.

ಸೆಪ್ಟೆಂಬರ್ ೨೦

ಸರಸಕ್ಕ ಕೊಂಚ ಹೊತ್ತು ಕುಳಿತು ಹೋದಳು. ಮಾತಿಗೆ ಮಾತು ಬಂದು, ಮೊನ್ನೆ ದೋಣಿ ಹೊರಡುವಾಗ ಅವಳ ಚಿಕ್ಕಮ್ಮ ಎದುರಾದಳೆಂದೂ, ದೋಣಿಯವರು ಹಗ್ಗ ಮತ್ತೆ ಗೂಟಕ್ಕೆ ಕಟ್ಟಿ ಮನೆಗೆ ಹೋದರೆಂದೂ ಹೇಳಿದಳು. ಚಿಕ್ಕಮ್ಮನಿಗೆ ಗಂಡ ಇಲ್ಲ. "ಪಾಪ, ಅದಕ್ಕ್ ಕಣ್ಣ್ ಸಮ ಕಾಂತಿಲ್ಲೆ. ಗಂಡ್ಸ್ರ್ ಬೈದದ್ದೇ ಬೈದದ್ದ್."

ದೋಣಿಗಳು ಹೋಗುವ ಹೊತ್ತಿಗೆ ನಾನೂ ಒಳಗೇ ಇರುತ್ತೇನೆ. ಯಾರೂ ಹೇಳಿದ್ದಲ್ಲ. ಹೇಳಿಸಿಕೊಳ್ಳುವ ಮೊದಲೇ ಒಳಗೆ ಸೇರಿಕೊಂಡೆ.

ಸರಸಕ್ಕ ಹೋದ ಮೇಲೆ ನನಗೆ ಒಂದು ಯೋಚನೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ ೨೮

ಮಾಡಿಬಿಟ್ಟೆ.

ಧನ್ಯ ಮನೆಯಿಂದ ಹೊರಟ ಮೇಲೆ ತಲೆಗೆ ನೀರು ಹಾಕಿಕೊಂಡೆ. ಕೂದಲು ಕಟ್ಟಲಿಲ್ಲ. ಹಸಿರು ಪ್ಲಾಸ್ಟಿಕ್ ಕೊಡ ಹಿಡಿದೆ, ಖಾಲಿ ಕೊಡ. ಕೇದಗೆ ಪೊದೆಯ ಹಿಂದಿನ ದಾರಿಯಲ್ಲಿ ಹೊಳೆಬದಿಗೆ ಹೋದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಕಣ್ಣು ನೆಲದ ಮೇಲಿಂದ ಎತ್ತಲಿಲ್ಲ. ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ಇಂಜಿನ್ ಶುರುವಾದ ಕೂಡಲೇ ಪೊದೆಯಿಂದ ಹೊರಗೆ ಬಂದು ದೋಣಿಯ ನೇರ ಎದುರಿಗೆ ನಿಂತೆ.

ಹಗ್ಗ ಬಿಚ್ಚುತ್ತಿದ್ದ ದೇವು, ಧನ್ಯ ದೇವಣ್ಣ ಎನ್ನುವವನು, "ಥುತ್" ಎಂದು ಉಗಿದ. ಚಂದಯ್ಯ ಭಾವ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಇಂಜಿನ್ ನಿಲ್ಲಿಸಿದರು. "ಇವತ್ತ್ ಬ್ಯಾಡ. ಕಟ್ಟಿ" ಎಂದರು.

ಧನ್ಯ ದೋಣಿಯ ಮೂಲೆಯಲ್ಲಿ ಐಸ್ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿದಳು, ಕೊಡವನ್ನು ನೋಡಿದಳು. ಇಳಿದು ಬಂದು ನನ್ನ ಪಕ್ಕದಲ್ಲೇ ಹಾದು ಮನೆಗೆ ನಡೆದಳು. ಮನೆಗೆ ಬಂದ ಮೇಲೆ, "ನೀರಿಗ್ ಬಂದದ್ದಾ ಅಮ್ಮ?" ಎಂದು ಕೇಳಿದಳು.

"ಹೌದ್" ಎಂದೆ.

ನಮ್ಮ ಬಾವಿ ಇರುವುದು ಮನೆಯ ಮೂಡುಬದಿಗೆ. ಅದು ಅವಳಿಗೂ ಗೊತ್ತು.

ಇವತ್ತೊಂದು ದಿನ ಅವಳು ನೆಲದ ಮೇಲಿದ್ದಾಳೆ. ನಾನು ನೆಮ್ಮದಿಯಾಗಿರಬೇಕಿತ್ತು.

ಸೆಪ್ಟೆಂಬರ್ ೩೦

ಮೊನ್ನೆ ಬೇರೆ ದೋಣಿಯವರಿಗೆಲ್ಲ ಬೈಗೆ ಮೀನು ತುಂಬಿ ತುಳುಕಿತಂತೆ. ಭಾವನ ದೋಣಿಯವರು ಮಾತ್ರ ಬರಿಗೈ. ಸರಸಕ್ಕ ಬೇಲಿ ದಾಟಿ ಬಂದು, "ನಿಂಗೆ ಮಂಡೆ ಸಮ ಇತ್ತಾ? ಕಣ್ಣ್ ಕಾಣ್ದ ಮುದ್ಕಿ ಬಂದ್ರೆ ಒಂದ್ ಮಾತ್, ನೀ ಬೇಕಂದೇ ಬಂದದ್ದಲ್ದಾ?" ಎಂದಳು. ನಾನು ಚಟ್ಲಿ ಸುಲಿಯುತ್ತಲೇ ಇದ್ದೆ.

ಅಕ್ಟೋಬರ್ ೨

ನಾನು ಬಯಸಿದ್ದೇ ಆಗಿದೆ. ಆ ಮನೆಯ ಹುಡುಗಿಯನ್ನು ಕರೆದುಕೊಂಡು ಹೋಗುವುದಾದರೆ ನಾವು ಬರುವುದಿಲ್ಲ ಎಂದು ದೇವು ಮತ್ತು ಉಳಿದವರು ಭಾವನಿಗೆ ಹೇಳಿದ್ದಾರಂತೆ. ಬೇರೆ ದೋಣಿಯವರು ಮೊದಲೇ ಹೆಂಗಸರನ್ನು ಹತ್ತಿಸುವವರಲ್ಲ. ಈ ತಿಂಗಳೊಳಗೆ ದೋಣಿ ಸಿಗದಿದ್ದರೆ ಆ ಕೆಲಸ ಬೇರೆಯವರಿಗೆ, ಎಂದು ಆಫೀಸಿನವರು ಫೋನಿನಲ್ಲಿ ಹೇಳಿದರಂತೆ.

ಧನ್ಯ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟಕ್ಕೆ ಕರೆದೆ. ಏಳಲಿಲ್ಲ. ಪಕ್ಕದಲ್ಲಿ ಕುಳಿತೆ.

"ಅಕ್ಷಿತಾನ ಕಾಲೇಜಲ್ಲ್ ಕೇಂಬ. ಪಾಠ ಹೇಳೂದ್ ಒಳ್ಳೆ ಕೆಲ್ಸ" ಎಂದೆ.

ಅವಳು ಎದ್ದು ಕುಳಿತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಮೆಲ್ಲಗೇ ಮಾತಾಡಿದಳು.

"ಕೆಲ್ಸ ಹೋದ್ರೆ ಹೋಯ್ಲಿ ಅಮ್ಮ. ಅಪ್ಪ ಹೋದ್ ಮೇಲ್ ನಿನ್ನ ಅಪಶಕುನ ಅಂದ್ ಯಾರಾರೂ ಹೇಳಿರೆ ಅವ್ರ್ ಬಾಯಿ ಮುಚ್ಸ್ಕ್ ಅಂದ್ ನಾ ಕಾಯ್ತಾ ಇದ್ದೆ. ಒಬ್ರೂ ಹೇಳ್ಲಿಲ್ಲೆ. ನೀನೇ ಹೋಯಿ ಹೇಳ್ಸ್ಕಂಡ್ ಬಂದೆ."

ಆಮೇಲೆ ಮತ್ತೆ ಗೋಡೆಯ ಕಡೆ ತಿರುಗಿದಳು. ಕಡಲು ಒಯ್ಯುತ್ತದೆ ಎಂಬ ಹೆದರಿಕೆ ಒಂದೇ ಇತ್ತು. ಈಗ ಇವಳು ಮನೆಯೊಳಗೇ ಇದ್ದು ನನಗೆ ಇಲ್ಲವಾಗುತ್ತಾಳೆಯೇ ಎಂಬ ಹೆದರಿಕೆಯೂ ಸೇರಿಕೊಂಡಿದೆ. ದೇವರೇ, ನನಗೆ ಯಾವುದು ಬೇಕೆಂದು ಕೇಳಬೇಡ.

ಅಕ್ಟೋಬರ್ ೩

ಧನ್ಯ ಇವತ್ತೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅಕ್ಟೋಬರ್ ೫

ಸಂಜೆ ಚಂದಯ್ಯ ಭಾವ ಬಂದರು. ಗೇಟಿನಲ್ಲೇ ನಿಂತು ಕೆಮ್ಮಿದರು. ಧನ್ಯ ಸೊಸೈಟಿಗೆ ಹೋಗಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಭಾವ ಜಗಲಿಯ ತುದಿಯಲ್ಲಿ ಕುಳಿತರು. ತುಂಬ ಮುದುಕರಾಗಿದ್ದಾರೆ. ಕುಡಿಯಲು ನೀರು ಕೊಟ್ಟೆ. ಪೂರ್ತಿ ಕುಡಿದು ಚೊಂಬನ್ನು ಕೈಯಲ್ಲೇ ತಿರುಗಿಸುತ್ತ ಕುಳಿತರು.

"ಎಂತಕೆ ಬಂದ್ ನಿಂತದ್ದ್ ಅಂದ್ ನಂಗೊತ್ತಿತ್ತ್ ವನಜ" ಎಂದರು. "ನಾ ಇಂಜಿನ್ ನಿಲ್ಸದ್ದ್ ಶಕುನಕ್ಕಲ್ಲ. ನಿನ್ನ ಮುಖ ಕಂಡ್. ಭೋಜ ನೀರಲ್ಲ್ ಇಪ್ಪ ಹೊತ್ತಿಗೆ ನೀ ದಡದಗೆ ನಿಂತಿದ್ದೆ ಅಲ್ದಾ, ಅದೇ ಮುಖ."

ಹನ್ನೊಂದು ತಿಂಗಳ ಮೇಲೆ ಯಾರೋ ನನ್ನೆದುರು ಅವರ ಹೆಸರು ಹೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಒಂದ್ ಕೇಂತೆ. ಅವತ್ತ್ ಬೆಳಿಗ್ಗೆ ನಾವ್ ಹೊರಡುವತ್ತಿಗೆ ಎದುರ್ ಬಂದದ್ದ್ ಯಾರ್?"

ನನಗೆ ಗೊತ್ತಿತ್ತು.

"ನಾನೇ" ಎಂದೆ.

ಭಾವನ ದೋಣಿ ಹೊರಡುವಾಗ ಎದುರಿಗೆ ಬರುತ್ತಿದ್ದದ್ದು ಯಾವಾಗಲೂ ನಾನೇ. ಮದುವೆಯಾಗಿ ಬಂದ ವರ್ಷ ಒಂದು ದಿನ ನಾನು ಎದುರಾದಾಗ ದೋಣಿ ತುಂಬ ಮೀನು ಬಂತೆಂದು, ಅಂದಿನಿಂದ ನನ್ನನ್ನೇ ಕರೆಯುತ್ತಿದ್ದರು. ಹೂ ಮುಡಿದು, ಕುಂಕುಮ ಇಟ್ಟು, ಬುತ್ತಿಯ ಪಾತ್ರೆ ಹಿಡಿದು ನೀರಿಗಿಳಿದು ಅವರ ಕೈಗೆ ಕೊಡುತ್ತಿದ್ದೆ. ಆವತ್ತೂ ಕೊಟ್ಟೆ. ಅಬ್ಬಲಿಗೆ ಹೂ ಮುಡಿದಿದ್ದೆ.

"ಅದಕ್ಕಿಂತ ಒಳ್ಳೆ ಶಕುನ ಇತ್ತಾ ಈ ಕೋಡಿಯಗೆ?" ಎಂದರು ಭಾವ. "ಹಾಂಗಾರೆ ಅವ ಎಂತಕೆ ಬರ್ಲಿಲ್ಲೆ? ನಾ ದಿನಾ ಕೇಂತೆ. ಅಳಿವೆಯಗೆ ಹೂಳ್ ತುಂಬಿತ್ತ್, ತೆರಿ ಎದ್ದಿತ್ತ್, ನಾ ಅಂದಾಜ್ ತಪ್ಪ್ದೆ. ಅದ್ ನನ್ನದ್. ನಿನ್ನ ಹೂಗೂ ಅದಕ್ಕೂ ಸಂಬಂಧ ಇಲ್ಲೆ. ಇವತ್ತಿನ ನಿನ್ನ ಖಾಲಿ ಹಣಿಗೂ ಇಲ್ಲೆ."

ಭಾವ ಚೊಂಬನ್ನು ಕೆಳಗಿಟ್ಟರು.

"ಹೂಳ್ ತೆಗ್ದಿರಾ?" ಎಂದು ಕೇಳಿದೆ. ನನ್ನ ಬಾಯಿಯಿಂದ ಆ ಮಾತು ಹೇಗೆ ಬಂತೋ.

"ಅರ್ಧ ತೆಗ್ದಿರ್. ಗಾಳಿ ಸಮ ಇಲ್ದಿರೆ ನಾ ದೋಣಿ ಬಿಡ್ತಿಲ್ಲೆ. ಮಗು ನನ್ನ ಕಾಲ್ ಬುಡದಗೇ ಕೂಕಂತ್, ಲೈಫ್ ಜಾಕೆಟ್ ಹಾಯ್ಕಂಡ್." ಎದ್ದು ನಿಂತರು. "ಬಪ್ಪ ವಾರ ಶುಕ್ರವಾರ ಹೋತ್. ನೀ ಬಪ್ಪುದಾರೆ ಸೀದಾ ಎದುರಿಂದ ಬಾ. ಕೇದಗಿ ಹಿಂಡಿನ ಹಿಂದಿಂದ ಕಳ್ಳಿ ಹಾಂಗೆ ಬರ್ಬೇಡ."

"ದೇವು?"

"ದೇವುಗೆ ಶಕುನಕ್ಕಿಂತ ಹೊಟ್ಟಿ ದೊಡ್ಡದ್. ನಿನ್ನ ಕೈಯ್ಯ ಮೀನ್ ಗಸಿ ತಿಂದವ ಅವ. ಕಾಂಬ."

ಗೇಟಿನ ಕಂಬದಲ್ಲಿ ತೊಟ್ಟೆ ಇತ್ತು. ಬಂಗುಡೆ. ಸರಸಕ್ಕ ಮನೆಯಲ್ಲಿರಲಿಲ್ಲ. ಹಾಳಾಗುತ್ತದಲ್ಲ ಎಂದು ನಾನೇ ಸಾರು ಮಾಡಿದೆ. ಧನ್ಯ ಊಟಕ್ಕೆ ಬಂದಳು.

ಅಕ್ಟೋಬರ್ ೯

ಅವಳು ನನ್ನನ್ನು ಬಾ ಎಂದು ಕರೆದಿಲ್ಲ, ಬರಬೇಡ ಎಂದೂ ಹೇಳಿಲ್ಲ. ದೊಡ್ಡಪ್ಪ ಒಪ್ಪಿದ್ದಾರೆ ಎಂದಷ್ಟೇ ಹೇಳಿದಳು.

ನಾನು ಒಳಗೇ ಇದ್ದು ಏನಾದರೂ ಆದರೆ ಕಡಲು ಮಾಡಿದ್ದು. ಎದುರು ಹೋಗಿ ಏನಾದರೂ ಆದರೆ ನಾನು ಮಾಡಿದ್ದು. ಊರವರು ಹಾಗೆಯೇ ಹೇಳುತ್ತಾರೆ. ಊರವರು ಬಿಟ್ಟರೂ ನಾನು ಹೇಳಿಕೊಳ್ಳುತ್ತೇನೆ. ಭಾವ ಹೇಳಿದ್ದು ಬುದ್ಧಿಗೆ ಸರಿ. ಕಣ್ಣು ಮುಚ್ಚಿದರೆ ಮಾತ್ರ ಮತ್ತೆ ಅದೇ ದೋಣಿಯ ಹೊಟ್ಟೆ.

ಅಕ್ಟೋಬರ್ ೧೩

ತೆಂಗಿನಕಾಯಿ ಹುರಿದು ಅರೆದೆ. ಅಟ್ಟದಿಂದ ಅವರ ಬುತ್ತಿಯ ಪಾತ್ರೆ ಇಳಿಸಿದೆ. ನೀರಿನಲ್ಲಿ ತೇಲಿ ಬಂದದ್ದನ್ನು ಯಾರೋ ತಂದುಕೊಟ್ಟಿದ್ದರು. ಮುಚ್ಚಳ ನಗ್ಗಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಯಾರಿಗೆಂದು ಧನ್ಯ ಕೇಳಲಿಲ್ಲ. ನಾನೂ ಇನ್ನೂ ತೀರ್ಮಾನ ಮಾಡಿಲ್ಲ.

ಅಕ್ಟೋಬರ್ ೧೪, ಶುಕ್ರವಾರ

ಬೆಳಿಗ್ಗೆ ಬರೆಯುತ್ತಿದ್ದೇನೆ. ಅವಳು ಹೋಗಿಯಾಗಿದೆ. ಅಕ್ಷರ ಸೊಟ್ಟ ಬರುತ್ತಿದೆ.

ಕೂದಲು ಕಟ್ಟಿಕೊಂಡು, ಬುತ್ತಿ ಹಿಡಿದು, ಎಲ್ಲರೂ ನಡೆಯುವ ದಾರಿಯಲ್ಲೇ ಹೋದೆ. ದೋಣಿ ಆಗಲೇ ನೀರಿನಲ್ಲಿತ್ತು. ನಾನು ಬರುವುದು ಕಂಡು ಎಲ್ಲರ ಮಾತು ನಿಂತಿತು. ಹಿಂದಿರುಗಿ ಓಡಿಬಿಡೋಣ ಅನಿಸಿತು. ಆಗ ದೇವು ಕೂಗಿದ:

"ಹ್ವಾಯ್ ವನಜಕ್ಕ! ಇವತ್ತೂ ಪಾತ್ರಿ ಖಾಲಿಯಾ ಎಂತ?"

"ನಿನ್ನ ಹೊಟ್ಟಿಗ್ ಸಾಕಪ್ಪಷ್ಟ್ ಇತ್ತ್" ಎಂದೆ.

"ಹಾಂಗಾರೆ ಅಲ್ಲೇ ಎಂತಕೆ ನಿತ್ಕಂಡದ್ದ್ ಮಾರಾಯ್ತಿ, ತಕಂಡ್ ಬಾ!"

ಯಾರೋ ನಕ್ಕರು. ಒಬ್ಬ ಮಾತ್ರ ಮುಖ ತಿರುಗಿಸಿಯೇ ಇದ್ದ. ಧನ್ಯ ದೋಣಿಯ ಅಂಚಿಗೆ ಬಾಗಿ ಎರಡೂ ಕೈ ಚಾಚಿದಳು. ಕೊಟ್ಟೆ. ಪಾತ್ರೆಯ ಜೊತೆ ನನ್ನ ಬೆರಳುಗಳನ್ನೂ ಹಿಡಿದುಕೊಂಡಳು. "ಅಮ್ಮ, ಬತ್ತೆ" ಎಂದಳು. ಹೋಗಿ ಬಾ ಎಂದು ತಲೆ ಆಡಿಸಿದೆ.

ಹಿಂದಿದ್ದ ಇನ್ನೊಂದು ದೋಣಿಯವರು ಇಂಜಿನ್ ನಿಲ್ಲಿಸಿ, ನಾನು ಹೋಗಲಿ ಎಂದು ಬೇರೆ ಕಡೆ ನೋಡುತ್ತ ಬೀಡಿ ಸೇದುತ್ತಿದ್ದರು. ನಾನು ಹೋಗಲಿಲ್ಲ. ನಮ್ಮ ದೋಣಿ ಅಳಿವೆ ಸೇರುವುದನ್ನು ನೋಡಿದೆ. ಮೂತಿ ಮೇಲೆದ್ದಿತು, ಕೆಳಗೆ ಹೋಯಿತು, ಕಾಣಿಸಲಿಲ್ಲ. ಮತ್ತೆ ಕಂಡಿತು, ಆಚೆಗೆ. ಧನ್ಯನ ಜಾಕೆಟ್ಟಿನ ಕಿತ್ತಳೆ ಬಣ್ಣ ಒಂದು ಚುಕ್ಕೆಯಷ್ಟು. ಅದು ಮಾಯವಾಗುವವರೆಗೆ ನನಗೆ ಕದಲಲಾಗಲಿಲ್ಲ. ಪಾಪ, ಬೀಡಿಯವರು ಅಷ್ಟು ಹೊತ್ತೂ ಕಾದರು.

ಈಗ ಹೊತ್ತು ಹೋಗಬೇಕು. ಗಾಳಿ ಎದ್ದಿದೆಯೇ ಎಂದು ನೋಡಲು ಪಡುಕಿಟಕಿ ತೆರೆದೆ. ತೆಂಗಿನ ಗರಿ ಮೆಲ್ಲಗೆ ಆಡುತ್ತಿದೆ, ಅಷ್ಟೇ. ಆಗಾಗ ನೋಡಬೇಕಲ್ಲ, ಹಾಗೇ ಬಿಟ್ಟಿದ್ದೇನೆ.

ಸಂಜೆ

ಬಂದಳು. ಎಲ್ಲರೂ ಬಂದರು. ಮೀನು ಹೆಚ್ಚೇನೂ ಇಲ್ಲ, ಕಮ್ಮಿಯೂ ಇಲ್ಲ. ಪಾತ್ರೆ ತೊಳೆದು ಕಳಿಸಿದ್ದಾರೆ. ಗಸಿಗೆ ಹುಳಿ ಹೆಚ್ಚಾಯಿತೆಂದು ದೇವು ಹೇಳಿ ಕಳಿಸಿದ್ದಾನೆ. ಅವನಿಗೆ ಯಾವತ್ತೂ ಹುಳಿ ಹೆಚ್ಚೇ.

ಊಟ ಮಾಡುತ್ತಿರುವಾಗ ಅಕ್ಷಿತಾ ಫೋನು ಮಾಡಿದ್ದಳು. ಮತ್ತೆ ಆ ಡಿಸೆಂಬರಿನ ಸಭೆಯ ಮಾತು. ಫೋನಿಟ್ಟ ಧನ್ಯ ಕೇಳಿದಳು: "ಎಲ್ಲರ್ ಎದುರ್ ನಾ ಎಂತ ಹೇಳ್ಲಿ ಅಮ್ಮ?"

"ಚಂದಯ್ಯ ದೊಡ್ಡಪ್ಪನ ದೋಣಿಗೆ ಹೋತೆ ಅಂದ್ ಹೇಳ್."

"ಅಷ್ಟೇಯಾ?"

"ಮತ್ತೆಂತ? ಬುತ್ತಿ ಅಮ್ಮ ಕೊಡ್ತ್ ಅಂದ್ ಬೇಕಾರೆ ಸೇರ್ಸ್."

ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕಳು. ನೆತ್ತಿಗೆ ಹತ್ತಿತು. ಬೆನ್ನು ತಟ್ಟಿದೆ. ಇನ್ನೂ ಮಿಂದಿರಲಿಲ್ಲ, ಅದೇ ವಾಸನೆ. ಊಟವಾದ ಮೇಲೆ ಮೀಯಲಿ ಎಂದು ಸುಮ್ಮನಿದ್ದೆ.

ಮುಂದಿನ ಸಲ ಹೋಗುವುದು ತಿಂಗಳ ಕೊನೆಗೆ. ಅದರ ಹೆದರಿಕೆ ಈಗಲೇ ಶುರುವಾಗಿದೆ.

ನನ್ನ ಸೀರೆ ಮೊಣಕಾಲಿನವರೆಗೆ ಒರಟಾಗಿ, ಬಿಳಿ ಬಿಳಿಯಾಗಿ ಉಪ್ಪು ಕಟ್ಟಿದೆ. ಬೆಳಿಗ್ಗೆ ಯಾವಾಗ ನೀರಿಗಿಳಿದೆನೋ ತಿಳಿಯಲಿಲ್ಲ. ನಾಳೆ ಬಾವಿ ನೀರಿನಲ್ಲಿ ಹಿಂಡಿ ಹಾಕಬೇಕು.